ದೋಣಿ ಯಂತ್ರದ ಮೂರು ಕೆಂಪು

ಟೋಕನ್ ಅಜ್ಜಿ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಾಗ ನಾನು ಹೆಂಡತಿಯ ಚಾಕರಿಯಲ್ಲಿದ್ದೆ, ಅಂದರೆ ಅವಳ ಬೆಸುಗೆ ಕಡ್ಡಿಯ ತುದಿ ಒರೆಸುತ್ತಿದ್ದೆ. ಚಿತ್ರಕಲಾ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಸಿಕ್ಕಿದ ಎರಡನೆಯ ನೌಕರಿ ಅದು. ನನ್ನ ಹೆಂಡತಿ ಹಳೆಯ ರೇಡಿಯೋ, ಟೀವಿ, ಆಟದ ಯಂತ್ರಗಳನ್ನು ರಿಪೇರಿ ಮಾಡುತ್ತಾಳೆ. ಕೊರಳಲ್ಲಿ ಸದಾ ಒಂದು ಮೀಟರ್ ಜೋತಾಡುವುದರಿಂದ ಬೀದಿಯವರು ಅವಳನ್ನು ಮೀಟರಮ್ಮ ಎನ್ನುತ್ತಾರೆ. ಅವಳ ಸಾಮಾನಿನ ಪೆಟ್ಟಿಗೆ ಹೊತ್ತು ಹಿಂದೆ ಹಿಂದೆ ಹೋಗುವ ನಾನು ಪೆಟ್ಟಿಗೆ ಮೇಷ್ಟ್ರು. ಯಂತ್ರ ಯಾಕೆ ಕೆಟ್ಟಿತು ಎಂದು ರಿಪೇರಿಯವರೆಲ್ಲ ಹೇಳುತ್ತಾರೆ. ಯಾರು ಕೆಡಿಸಿದರು, ಕೆಡಿಸಿ ಏನು ಮುಚ್ಚಿಟ್ಟರು ಎಂಬುದನ್ನೂ ಹೇಳುವುದು ಇವಳೊಬ್ಬಳೇ. ಹಾಗಾಗಿ ಬೀದಿಯಲ್ಲಿ ಏನು ಕಳೆದರೂ, ಏನು ಒಡೆದರೂ ಜನ ಮೊದಲು ತಟ್ಟುವುದು ನಮ್ಮ ಬಾಗಿಲನ್ನು.

ಅಜ್ಜಿ ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡರು. ಬೀದಿಯ ಕೊನೆಯಲ್ಲಿರುವ ಆಟದ ಯಂತ್ರಗಳ ಹಾಲ್ ಅವರ ಮನೆಯದು. ಯಜಮಾನರು ಕಟ್ಟಿ ಬೆಳೆಸಿದ್ದು, ಈಗ ಇಬ್ಬರು ಮಕ್ಕಳು ನಡೆಸುತ್ತಾರೆ. ಬೆಳಗಿನ ಪಾಳಿ ದೊಡ್ಡವನದು, ಮಧ್ಯಾಹ್ನದಿಂದ ಮುಚ್ಚುವ ತನಕ ಚಿಕ್ಕವನದು. ಹಾಲ್‌ನ ನಟ್ಟನಡುವಿನ ಕೌಂಟರಿನಲ್ಲಿ ಕೂತು ಟೋಕನ್ ಕೊಡುವುದು ಮಾತ್ರ ಎರಡೂ ಪಾಳಿಯಲ್ಲಿ ಅಜ್ಜಿಯೇ.

"ದೋಣಿ ಸತ್ತೋಯ್ತು ಕಣಮ್ಮ," ಎಂದರು.

ದೋಣಿ ಎಂದರೆ ಆ ಹಾಲ್‌ಗೆ ಬಂದ ಮೊದಲ ಯಂತ್ರ. ಆಳೆತ್ತರದ ಮರದ ಪೆಟ್ಟಿಗೆ, ಪಕ್ಕದಲ್ಲಿ ನೀಲಿ ನದಿಯ ಚಿತ್ರ, ಬಂಡೆಗಳ ನಡುವೆ ದೋಣಿ ನಡೆಸುವ ಆಟ. ನಮ್ಮ ಬೀದಿಯ ಅರ್ಧದಷ್ಟು ಅಪ್ಪಂದಿರು ಅದರಲ್ಲಿ ದೋಣಿ ಮುಳುಗಿಸಿಯೇ ದೊಡ್ಡವರಾದವರು. ಅದು ನಿನ್ನೆ ಚಿಕ್ಕವನ ಪಾಳಿ ಶುರುವಾದ ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಚೌಕಚೌಕವಾಗಿ ಏನೇನೋ ತೋರಿಸಿ ನಿಂತುಬಿಟ್ಟಿತಂತೆ. ದೊಡ್ಡವನು ಬಂದು ಹಿಂಬಾಗಿಲು ತೆಗೆದು ನೋಡಿದರೆ ವಿದ್ಯುತ್ ಸರಬರಾಜಿನ ಪೆಟ್ಟಿಗೆಯಲ್ಲಿ ಅಪ್ಪ ಹಾಕಿದ್ದ ಮುದ್ರೆ ಒಡೆದಿದೆ, ವೋಲ್ಟೇಜಿನ ಸ್ಕ್ರೂ ತಿರುಗಿಸಿದ್ದಾರೆ. ಚಿಕ್ಕವನಿಗೆ ಹಳೆಯ ಯಂತ್ರ ತೆಗೆದು ಹೊಸದು ತರುವ ಆಸೆ ಮೊದಲಿನಿಂದ ಇತ್ತು. ಇವನೇ ಬೇಕೆಂದು ಬೋರ್ಡು ಸುಟ್ಟಿದ್ದಾನೆ ಎಂದು ದೊಡ್ಡವನು ಕೂಗಾಡಿದ. ಮಾತಿಗೆ ಮಾತು ಬೆಳೆದು ಈಗ ಹಾಲ್ ನಡುವೆ ಹಲಗೆಯ ಗೋಡೆ ಎಬ್ಬಿಸಿ ಪಾಲಾಗುವುದೆಂದು ತೀರ್ಮಾನವಾಗಿದೆ. ಬಡಗಿ ಸಂಜೆಗೆ ಬರುತ್ತಾನೆ.

"ಗೋಡೆ ಬರೋದು ಸರಿಯಾಗಿ ನನ್ನ ಕೌಂಟರ್ ಇರೋ ಕಡೆ," ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಯಾವ ಕಡೆ ಕೂತ್ಕೊಳ್ಳಲಿ, ಹೇಳು. ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದವರು."

ನನ್ನ ಹೆಂಡತಿ ಚಪ್ಪಲಿ ಮೆಟ್ಟಿದಳು. ನಾನು ಪೆಟ್ಟಿಗೆ ಎತ್ತಿಕೊಂಡೆ.

ಹಾಲ್‌ಗೆ ಹೋದಾಗ ಗಿರಾಕಿಗಳು ಯಾರೂ ಇರಲಿಲ್ಲ, ಹೊರಗೆ ಮುಚ್ಚಿದೆ ಎಂಬ ಫಲಕ ನೇತಾಡುತ್ತಿತ್ತು. ಎರಡು ಸಾಲು ಯಂತ್ರಗಳು ಕಣ್ಣು ಮುಚ್ಚಿ ನಿಂತಿದ್ದವು. ಗೋಡೆಗೆಂದು ತಂದ ಹಲಗೆಗಳು ಬಾಗಿಲ ಬಳಿ ಒರಗಿದ್ದವು. ಅಣ್ಣತಮ್ಮಂದಿರು ಆ ಕೊನೆಗೊಬ್ಬ ಈ ಕೊನೆಗೊಬ್ಬ ಮುಖ ತಿರುಗಿಸಿ ಕೂತಿದ್ದರು. ದೊಡ್ಡವನು ಮದುವೆಯಾಗಲಿಲ್ಲ, ಯಂತ್ರಗಳೇ ಅವನ ಸಂಸಾರ. ಕೈ ಸುಮ್ಮನಿರುವ ಜಾತಿಯಲ್ಲ. ಆ ಸಿಟ್ಟಿನಲ್ಲೂ ಸವೆದ ಟೋಕನ್‌ಗಳ ಅಂಚನ್ನು ಉಪ್ಪುಕಾಗದದಲ್ಲಿ ಕರಕರ ಉಜ್ಜಿ ನಯ ಮಾಡುತ್ತಿದ್ದ. ಚಿಕ್ಕವನು ಬೆರಳಿನ ಗೆಣ್ಣು ಮುರಿಯುತ್ತ ನೆಲ ನೋಡುತ್ತಿದ್ದ. ಅವನ ಹೆಂಡತಿ, ಅಂದರೆ ಅಜ್ಜಿಯ ಸೊಸೆ, ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಅಲ್ಲಿ ಇನ್ನೊಬ್ಬನೂ ಇದ್ದ. ಹಳೆಯ ಸಾಮಾನು ಕೊಂಡು ಮಾರುವ ವ್ಯಾಪಾರಿ. ಪಾಲಾಗುವ ಸುದ್ದಿ ಅವನ ಕಿವಿಗೆ ಹೇಗೆ ಬಿತ್ತೋ, ಟೇಪು ಹಿಡಿದು ದೋಣಿಯ ಉದ್ದಗಲ ಅಳೆಯುತ್ತಿದ್ದ. ನಿನ್ನೆ ಮಧ್ಯಾಹ್ನವೂ ಬಂದಿದ್ದನಂತೆ. ನನಗೆ ಅವನ ಮೇಲೆ ತಕ್ಷಣ ಅನುಮಾನ ಬಂತು. ನನಗೆ ಅನುಮಾನ ಬಂದವರು ಇದುವರೆಗೆ ಒಬ್ಬರೂ ಅಪರಾಧಿಗಳಾಗಿಲ್ಲ ಎಂದು ನನ್ನ ಹೆಂಡತಿ ನೆನಪಿಸಿದಳು.

ಅವಳು ಮೊದಲು ಅಣ್ಣತಮ್ಮಂದಿರನ್ನು ಬೇರೆಬೇರೆಯಾಗಿ ಮಾತಾಡಿಸಿದಳು. ದೊಡ್ಡವನು ಹೇಳಿದ್ದು ಅಜ್ಜಿ ಹೇಳಿದ್ದನ್ನೇ, ಸ್ವಲ್ಪ ಏರಿದ ದನಿಯಲ್ಲಿ. ತಾನು ಮಧ್ಯಾಹ್ನ ಕೀಲಿ ಕೊಡುವಾಗ ದೋಣಿ ಚೆನ್ನಾಗಿಯೇ ಓಡುತ್ತಿತ್ತು, ತನ್ನ ಪಾಳಿಯಲ್ಲಿ ಅದು ಎಂದೂ ನಿಂತಿದ್ದಿಲ್ಲ ಎಂದ. ಚಿಕ್ಕವನು ಹೇಳಿದ್ದು ಒಂದೇ ಮಾತು.

"ಅಕ್ಕಾ, ನಾನು ಅದನ್ನ ಕೆಡಿಸಿಲ್ಲ. ಅಪ್ಪನಾಣೆ."

"ಹಿಂಬಾಗಿಲು ತೆಗೆದಿದ್ಯಾ?" ಎಂದು ಅವಳು ಕೇಳಿದ್ದಕ್ಕೆ ಅವನು ಅಣ್ಣನ ಕಡೆ ಒಮ್ಮೆ ನೋಡಿ ಮತ್ತೆ ಗೆಣ್ಣು ಮುರಿದ. ಅವಳೂ ಬಲವಂತ ಮಾಡಲಿಲ್ಲ.

ಆಮೇಲೆ ಅಜ್ಜಿಯನ್ನು ಒಂದು ವಿಷಯ ಕೇಳಿದಳು. ಯಂತ್ರ ಕೆಟ್ಟರೆ ಈ ಮನೆಯಲ್ಲಿ ಏನು ಮಾಡುವ ಪದ್ಧತಿ? ಅಜ್ಜಿ ಯಜಮಾನರ ಕಾಯಿದೆ ಹೇಳಿದರು. ಯಾರ ಪಾಳಿಯಲ್ಲಿ ಕೆಟ್ಟಿತೋ ಅವರೇ ಸರಿ ಮಾಡಿ, ಓಡುವ ಯಂತ್ರವನ್ನೇ ಮುಂದಿನವರ ಕೈಗೆ ಒಪ್ಪಿಸಬೇಕು. ಹಾಲ್‌ನಲ್ಲಿ ನಿಂತು ಕೆಟ್ಟಿದೆ ಅನ್ನುವ ಮಾತೇ ಆಡಬಾರದು. ಮಕ್ಕಳು ಅದನ್ನು ಇಂದಿಗೂ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ, ಪಾಳಿ ಬದಲಾಗುವಾಗ ಕೀಲಿ ಕೈ ಬದಲಾಗುತ್ತದೆಯೇ ಹೊರತು ಒಂದು ಮಾತೂ ಆಗುವುದಿಲ್ಲ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೇ ಇತ್ತು.

ಪ್ಲಗ್ಗು ಕಿತ್ತು ನನ್ನ ಹೆಂಡತಿ ದೋಣಿಯ ಹಿಂಬಾಗಿಲು ತೆರೆದಳು. ಇಣುಕಲು ಹೋದ ನನ್ನ ಕೈಗೆ ಪಟ್ ಎಂದು ಒಂದು ಕೊಟ್ಟಳು. ಪರದೆಯ ಹಿಂದಿನ ಗಾಜಿನ ಬುರುಡೆ ಪ್ಲಗ್ಗು ಕಿತ್ತ ಮೇಲೂ ಶಾಕ್ ಹೊಡೆಯುತ್ತದೆ, ಈ ವಯಸ್ಸಿನಲ್ಲಿ ಗಂಡನನ್ನು ಬದಲಾಯಿಸುವ ತ್ರಾಣ ತನಗಿಲ್ಲ ಎಂದಳು. ನಾನು ಕೈ ಕಟ್ಟಿಕೊಂಡು ಕಣ್ಣಿನಿಂದ ಮಾತ್ರ ನೋಡಿದೆ.

ಕೆಳಗೆ ಸರಬರಾಜಿನ ಪೆಟ್ಟಿಗೆ. ಗೋಡೆಯ ಕರೆಂಟನ್ನು ಇಳಿಸಿ ಬೋರ್ಡಿಗೆ ಬೇಕಾದ ಐದು ವೋಲ್ಟ್ ಕೊಡುವುದು ಅದರ ಕೆಲಸ. ಅದರ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿದರೆ ವೋಲ್ಟೇಜು ಏರುತ್ತದೆ, ಇಳಿಯುತ್ತದೆ. ಅದು ತಾನಾಗಿ ಸಡಿಲವಾಗದಂತೆ ಯಜಮಾನರು ಉಗುರುಬಣ್ಣದ ಒಂದು ಚುಕ್ಕೆ ಇಟ್ಟು ಮುದ್ರೆ ಮಾಡಿದ್ದರು. ಅಲ್ಲಿಂದ ತಂತಿಗಳು ಮೇಲೆ ಹೋಗಿ ಒಂದು ಉದ್ದನೆಯ ಕನೆಕ್ಟರಿಗೆ ಸೇರುತ್ತವೆ. ಬೋರ್ಡಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಸಾಲಾಗಿರುವ ಲೋಹದ ಪಟ್ಟಿಗಳನ್ನು ಆ ಕನೆಕ್ಟರು ಕಚ್ಚಿ ಹಿಡಿಯುತ್ತದೆ. ಬಾಗಿಲ ಒಳಬದಿಯಲ್ಲಿ ಒಂದು ದಾರಕ್ಕೆ ಪೆನ್ಸಿಲ್ ರಬ್ಬರ್ ಕಟ್ಟಿ ತೂಗುಬಿಟ್ಟಿದ್ದರು. ಯಜಮಾನರು ಆ ಪಟ್ಟಿಗಳನ್ನು ರಬ್ಬರಿನಿಂದ ಒರೆಸುತ್ತಿದ್ದರಂತೆ. ನಾನು ಅದನ್ನು ಮುಟ್ಟಿ ನೋಡಿದೆ. ಧೂಳು ಮೆತ್ತಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ರೀ, ನಿಮ್ಮ ಕೆಲಸ ಬಂತು," ನನ್ನ ಹೆಂಡತಿ ಸ್ಕ್ರೂ ಮೇಲೆ ಟಾರ್ಚು ಬಿಟ್ಟಳು. "ಇಲ್ಲಿ ಎಷ್ಟು ಕೆಂಪಿದೆ, ನೋಡಿ ಹೇಳಿ."

ಬಣ್ಣಗಳ ಜೊತೆ ಒಂದು ಆಯುಷ್ಯ ಕಳೆದವನು ನಾನು. ಭೂತಗನ್ನಡಿ ಇಟ್ಟು ನೋಡಿದೆ. ಒಡೆದ ಮುದ್ರೆಯ ಅಂಚಿನಲ್ಲಿ ತಳಕ್ಕೆ ಹಳೆಯ ಕಡುಗೆಂಪು, ಒಣಗಿ ಬಿರುಕುಬಿಟ್ಟಿತ್ತು. ಅದರ ಮೇಲೆ ಗುಲಾಬಿ ಬೆರೆತ ಕೆಂಪು. ಎಲ್ಲಕ್ಕಿಂತ ಮೇಲೆ ಇಟ್ಟಿಗೆ ಕೆಂಪು, ಹೊಚ್ಚಹೊಸದು. ಮೂರು ಎಂದೆ. ಅವಳು ತಲೆಯಾಡಿಸಿದ ರೀತಿ ನೋಡಿ ನಾನು ಒಳ್ಳೆಯ ಉತ್ತರ ಕೊಟ್ಟೆನೆಂದು ಗೊತ್ತಾಯಿತು.

ಬೋರ್ಡು ಕಿತ್ತು ತೆಗೆದಳು. ಅಂಚಿನ ಪಟ್ಟಿಗಳು ಹೊಸ ತಾಮ್ರದ ಹಾಗೆ ಕೆಂಪಗೆ ಫಳಫಳ ಹೊಳೆಯುತ್ತಿದ್ದವು. ಐದು ವೋಲ್ಟ್ ಬರುವ ಪಟ್ಟಿಯ ಬುಡದಲ್ಲಿ ಮಾತ್ರ ಬೋರ್ಡು ಕಂದಿಹೋಗಿತ್ತು, ಕನೆಕ್ಟರಿನ ಪ್ಲಾಸ್ಟಿಕ್ಕು ಅಲ್ಲೇ ಕರಗಿ ಮುದುಡಿತ್ತು. ಕನೆಕ್ಟರಿನೊಳಗಿನ ಸ್ಪ್ರಿಂಗುಗಳನ್ನು ಯಾರೋ ಇಕ್ಕಳದಿಂದ ಒತ್ತಿ ಬಿಗಿ ಮಾಡಿದ್ದರು, ಹಲ್ಲಿನ ಗುರುತು ಇನ್ನೂ ಹೊಳೆಯುತ್ತಿತ್ತು. ಮತ್ತೆ ಬೋರ್ಡು ಸಿಕ್ಕಿಸಿ, ಒಂದು ಕ್ಷಣಕ್ಕೆ ಕರೆಂಟು ಕೊಟ್ಟು ಮೀಟರ್ ಹಿಡಿದಳು. ಸರಬರಾಜಿನ ಬಳಿ ಆರಕ್ಕಿಂತ ಮೇಲೆ. ಬೋರ್ಡಿನ ಮೇಲೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಮೆಮೊರಿ ಚಿಪ್ಪು ಮುಟ್ಟಲಾರದಷ್ಟು ಬಿಸಿಯಾಗಿತ್ತು.

"ಐದಕ್ಕೆ ಸ್ವಲ್ಪ ಹೆಚ್ಚಾದರೆ ತಡ್ಕೊಳ್ತವೆ. ಆರು ಕುಡಿಸಿದರೆ ಈ ವಯಸ್ಸಾದ ಚಿಪ್ಪುಗಳು ಸಾಯ್ತವೆ," ಎಂದು ಕರೆಂಟು ತೆಗೆದಳು.

ಅವಳು ಪೆಟ್ಟಿಗೆಯಿಂದ ಬಿಡಿಭಾಗ ಹುಡುಕುತ್ತಿದ್ದ ಹೊತ್ತಿನಲ್ಲಿ ನಾನು ಸ್ವಂತ ತನಿಖೆಗೆ ಹೊರಟೆ. ಗಾಜು ಒರೆಸುತ್ತಿದ್ದ ಸೊಸೆಯ ಕೈ ಉಗುರು ನೋಡಿದೆ. ಇಟ್ಟಿಗೆ ಕೆಂಪು, ಥೇಟ್ ಅದೇ. ಬಗ್ಗಿ ಅವಳ ಕಾಲು ನೋಡಿದೆ. ಕಾಲಿನ ಉಗುರುಗಳಲ್ಲಿ ಅರ್ಧ ಅಳಿಸಿದ ಗುಲಾಬಿ ಕೆಂಪು. ನೇಲ್ ಪಾಲಿಶಿನ ಮಾತು ತೆಗೆದೆ. ಅವಳು ಗೊಣಗಿದಳು, ಇತ್ತೀಚೆಗೆ ಬಾಟಲಿ ಇಟ್ಟ ಕಡೆ ಇರುವುದಿಲ್ಲ, ಸಿಕ್ಕಿದರೂ ಕುಂಚದ ತುಂಬ ಧೂಳು ಎಂದು. ನಾನು ಓಡಿ ಬಂದು ಹೆಂಡತಿಯ ಕಿವಿಯಲ್ಲಿ ಅಪರಾಧಿ ಸಿಕ್ಕಿದಳು ಎಂದೆ.

"ಊರ ಹೆಂಗಸರ ಕಾಲು ನೋಡ್ತಾ ಓಡಾಡ್ಬೇಡಿ," ಎಂದಳು ಅವಳು ತಲೆ ಎತ್ತದೆ. "ಆದ್ರೆ ಕೆಲಸಕ್ಕೆ ಬರೋದನ್ನೇ ತಂದಿದೀರ. ಎಲ್ಲರನ್ನೂ ಕರೀರಿ."

ಬಡಗಿಯೂ ಆಗಲೇ ಬಂದಿದ್ದ. ಎಲ್ಲರೂ ದೋಣಿಯ ಹಿಂದೆ ಗುಂಪಾಗಿ ನಿಂತರು. ಅಜ್ಜಿಗೆ ಒಂದು ಸ್ಟೂಲು ಹಾಕಿದೆ. ನನ್ನ ಹೆಂಡತಿ ಬೋರ್ಡನ್ನು ತಟ್ಟೆ ಹಿಡಿದಂತೆ ಅಂಗೈ ಮೇಲೆ ಹಿಡಿದುಕೊಂಡಳು.

ಮೊದಲು ವ್ಯಾಪಾರಿಯನ್ನು ಲೆಕ್ಕದಿಂದ ತೆಗೆದಳು. ಅವನಿಗೆ ಬೇಕಾಗಿರುವುದು ಓಡುವ ದೋಣಿ. ಬೋರ್ಡು ಸುಟ್ಟ ಮರದ ಪೆಟ್ಟಿಗೆಯನ್ನು ಅವನ ಗಿರಾಕಿಗಳು ಮೂಸಿಯೂ ನೋಡುವುದಿಲ್ಲ. ಸುಡುವುದರಿಂದ ಅವನಿಗೇ ನಷ್ಟ. ವ್ಯಾಪಾರಿ ನಿಜ ನಿಜ ಎಂದು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

"ಈಗ ಸ್ಕ್ರೂ. ಮುದ್ರೇಲಿ ಮೂರು ಕೆಂಪಿದೆ. ತಳದ್ದು ಯಜಮಾನರದು. ಮೇಲಿನ ಎರಡು ಆಮೇಲಿನವು. ಅಂದ್ರೆ ಯಾರೋ ಮುದ್ರೆ ಒಡೆದು, ಸ್ವಲ್ಪ ತಿರುಗಿಸಿ, ಮತ್ತೆ ಮುದ್ರೆ ಹಾಕಿದಾರೆ. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಅದನ್ನೇ ಮಾಡಿದಾರೆ. ಯಂತ್ರ ಕೊಲ್ಲಬೇಕು ಅಂತ ಬಂದವನು ಒಂದೇ ಸಲಕ್ಕೆ ಕೊನೇ ತನಕ ತಿರುಗಿಸಿ ಹೋಗ್ತಾನೆ. ಕೂತ್ಕೊಂಡು ಉಗುರುಬಣ್ಣ ಹಚ್ಚಲ್ಲ."

ಬಣ್ಣ ಸೊಸೆಯದು ಎಂದು ಅವಳು ಹೇಳಿದಾಗ ಆ ಹುಡುಗಿಯ ಮುಖ ಬಿಳಿಚಿತು. ನನ್ನ ಹೆಂಡತಿ ಅವಳ ಭುಜ ತಟ್ಟಿದಳು. ಕುಂಚದಲ್ಲಿ ಧೂಳು ಕಂಡು ಗೊಣಗುವವಳು ತಾನೇ ಅದನ್ನು ಯಂತ್ರದೊಳಗೆ ಅದ್ದಿರುವುದಿಲ್ಲ. ಬಾಟಲಿ ಅವಳದು, ಕೈ ಅವಳ ಗಂಡನದು.

ದೊಡ್ಡವನು ಮುಂದೆ ಬಂದ. "ನಾನು ಹೇಳ್ಲಿಲ್ವಾ?"

"ಪೂರ್ತಿ ಕೇಳಪ್ಪ. ಅವನು ಯಾಕೆ ತಿರುಗಿಸಿದ? ಇಲ್ಲಿ ನೋಡು, ಐದು ವೋಲ್ಟಿನ ಪಟ್ಟಿ ಹತ್ರ ಬೋರ್ಡು ಕಂದಿದೆ, ಕನೆಕ್ಟರು ಕರಗಿದೆ. ಕಚ್ಚಿ ಹಿಡೀಬೇಕಾದ ಕಡೆ ಸರಿಯಾಗಿ ಹಿಡೀತಿರಲಿಲ್ಲ. ಕರೆಂಟು ಅಲ್ಲೇ ಬಿಸಿಯಾಗಿ ಸೋರಿ ಹೋಗ್ತಿತ್ತು. ಕೆಳಗೆ ಐದು ಇದ್ರೂ ಬೋರ್ಡಿಗೆ ಐದು ಮುಟ್ತಾ ಇರ್ಲಿಲ್ಲ. ಹೊಟ್ಟೆಗೆ ಸಾಲದೆ ದೋಣಿ ಆಟದ ಮಧ್ಯೆ ನಿಲ್ತಿತ್ತು. ಬೆಳಗ್ಗೆ ಯಂತ್ರ ತಣ್ಣಗಿರೋವಾಗ ಅಲ್ಲ, ಗಂಟೆಗಟ್ಟಲೆ ಓಡಿ ಕಾದ ಮೇಲೆ. ಅಂದ್ರೆ ಯಾವಾಗಲೂ ಇವನ ಪಾಳೀಲಿ."

ಚಿಕ್ಕವನು ಈಗ ತಾನಾಗಿ ಬಾಯಿ ಬಿಟ್ಟ. ದೋಣಿ ಪದೇಪದೇ ನಿಲ್ಲುತ್ತಿತ್ತು. ಅಪ್ಪನ ಕಾಯಿದೆ ಪ್ರಕಾರ ಓಡುವ ಯಂತ್ರವನ್ನೇ ಅಣ್ಣನಿಗೆ ಒಪ್ಪಿಸಬೇಕು. ಸ್ಕ್ರೂ ಸ್ವಲ್ಪ ಏರಿಸಿದರೆ ಮತ್ತೆ ಓಡುತ್ತಿತ್ತು. ಅಪ್ಪನ ಮುದ್ರೆ ಒಡೆದದ್ದಕ್ಕೆ ಮನಸ್ಸು ತಡೆಯದೆ, ಹೆಂಡತಿಯ ಬಾಟಲಿ ತಂದು ಅಪ್ಪ ಹಾಕಿದಂತೆಯೇ ಚುಕ್ಕೆ ಹಾಕುತ್ತಿದ್ದ. ನಿನ್ನೆ ದೋಣಿ ನಿಂತಾಗಲೂ ತಿರುಗಿಸಲೆಂದೇ ಮುದ್ರೆ ಒಡೆದಿದ್ದ, ಅಷ್ಟರಲ್ಲಿ ಅಣ್ಣ ಬಂದುಬಿಟ್ಟ. ಹೊಸ ಯಂತ್ರ ತರುವ ಆಸೆ ಇದ್ದದ್ದು ನಿಜ, ಆದರೆ ಅವು ದೋಣಿಯ ಪಕ್ಕದಲ್ಲಿ ನಿಲ್ಲಲಿ ಎಂದೇ ಹೊರತು ಅದರ ಜಾಗದಲ್ಲಲ್ಲ.

ಹಾಗಾದರೆ ಕನೆಕ್ಟರು ಯಾಕೆ ಹಿಡಿಯುತ್ತಿರಲಿಲ್ಲ? ಇದನ್ನು ಕೇಳಿದವನು ಬಡಗಿ. ಅವನು ಆಗಲೇ ಹಲಗೆಯ ಮೇಲೆ ಆರಾಮಾಗಿ ಕೂತು ಕತೆ ಕೇಳುತ್ತಿದ್ದ.

ನನ್ನ ಹೆಂಡತಿ ದಾರದಲ್ಲಿದ್ದ ರಬ್ಬರನ್ನು ತೋರಿಸಿದಳು. ಅದನ್ನು ವರ್ಷಗಳಿಂದ ಯಾರೂ ಬಳಸಿಲ್ಲ. ಆದರೂ ಬೋರ್ಡಿನ ಪಟ್ಟಿಗಳು ನಿನ್ನೆ ತಿಕ್ಕಿದ ಹಾಗೆ ಹೊಳೆಯುತ್ತಿವೆ. ಅಂದರೆ ಬೇರೆ ಯಾವುದರಲ್ಲೋ ತಿಕ್ಕಿದ್ದಾರೆ. ಆ ಪಟ್ಟಿಗಳ ಮೇಲೆ ತೆಳುವಾದ ಚಿನ್ನದ ಲೇಪ ಇರುತ್ತದೆ, ತಾಮ್ರಕ್ಕೆ ಗಾಳಿ ತಾಗಿ ಕಪ್ಪಾಗದಿರಲಿ ಎಂದು. ರಬ್ಬರಿನಿಂದ ಮೆಲ್ಲಗೆ ಒರೆಸಿದರೆ ಕೊಳೆ ಮಾತ್ರ ಹೋಗುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ಲೇಪವೇ ಹೋಗುತ್ತದೆ. ಅಂದು ಹೊಳೆದ ತಾಮ್ರ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಮತ್ತೆ ಉಜ್ಜಬೇಕು, ಮತ್ತೆ ಕಪ್ಪು.

ಎಲ್ಲರ ಕಣ್ಣೂ ಒಟ್ಟಿಗೆ ದೊಡ್ಡವನ ಕೈಗೆ ಹೋದವು. ಅವನ ಬೆರಳುಗಳ ನಡುವೆ ಟೋಕನ್ ಇತ್ತು, ಉಪ್ಪುಕಾಗದವೂ ಇತ್ತು. ಕರಕರ ಸದ್ದು ಮಾತ್ರ ನಿಂತಿತ್ತು.

"ಅಪ್ಪನ ರಬ್ಬರಲ್ಲಿ ಕೊಳೆ ಪೂರ್ತಿ ಹೋಗ್ತಾ ಇರ್ಲಿಲ್ಲ," ಎಂದ ಅವನು ಮೆಲ್ಲಗೆ. "ದೋಣಿ ಅಲ್ವಾ, ಚೆನ್ನಾಗಿರಲಿ ಅಂತ..."

"ಗೊತ್ತು," ಎಂದಳು ನನ್ನ ಹೆಂಡತಿ. "ನಿನ್ನೆ ಬೆಳಗ್ಗೆ ಏನು ಮಾಡಿದೆ? ಅದನ್ನ ನೀನೇ ಹೇಳು."

ನಿನ್ನೆ ಕನೆಕ್ಟರಿನ ಹಿಡಿತ ಸಡಿಲ ಅನ್ನಿಸಿತು, ಪಟ್ಟಿಗಳನ್ನು ಚೆನ್ನಾಗಿ ಉಜ್ಜಿ, ಇಕ್ಕಳದಿಂದ ಸ್ಪ್ರಿಂಗುಗಳನ್ನು ಒತ್ತಿ ಬಿಗಿ ಮಾಡಿದೆ ಎಂದ. ಆಮೇಲೆ ತಾನೇ ಅರ್ಥ ಮಾಡಿಕೊಂಡು ಕಣ್ಣು ಮುಚ್ಚಿದ. ಉಳಿದವರಿಗಾಗಿ ನನ್ನ ಹೆಂಡತಿ ಬಿಡಿಸಿ ಹೇಳಿದಳು. ಅಷ್ಟು ದಿನ ಅಣ್ಣನ ಉಜ್ಜುವಿಕೆಯಿಂದ ವೋಲ್ಟೇಜು ಸೋರುತ್ತಿತ್ತು, ಸೋರಿದ್ದನ್ನು ತುಂಬಲು ತಮ್ಮ ಕೆಳಗಿನಿಂದ ಏರಿಸುತ್ತ ಹೋದ. ನಿನ್ನೆ ಅಣ್ಣ ಸೋರಿಕೆಯನ್ನು ಒಂದೇ ಏಟಿಗೆ ನಿಲ್ಲಿಸಿದ. ತಮ್ಮ ಏರಿಸಿಟ್ಟ ಆರು ವೋಲ್ಟೂ ನೇರವಾಗಿ ಚಿಪ್ಪುಗಳಿಗೆ ನುಗ್ಗಿತು. ಅರ್ಧ ದಿನ ಹೇಗೋ ತಡೆದುಕೊಂಡು, ಪಾಳಿ ಬದಲಾದ ಮೇಲೆ ಚಿಪ್ಪು ಸತ್ತಿತು.

"ಒಬ್ಬನೇ ಆಗಿದ್ರೆ ಯಾರ ಕೈಲೂ ಇದು ಸಾಯ್ತಿರ್ಲಿಲ್ಲ. ಇಬ್ಬರೂ ಸೇರಿ ಕೆಡಿಸಿದೀರ, ಇಬ್ಬರೂ ಉಳಿಸೋಕೆ ಹೋಗಿ. ಇವತ್ತು ದೋಣಿ ನಿಂತಿತ್ತು ಕಣೋ ಅಂತ ಒಬ್ಬ, ನಾನು ಉಜ್ಜಿದೆ ಕಣೋ ಅಂತ ಇನ್ನೊಬ್ಬ, ಒಂದೇ ಒಂದು ಸಲ ಬಾಯಿ ಬಿಟ್ಟಿದ್ರೆ ಸಾಕಿತ್ತು."

ಅಪ್ಪನ ಕಾಯಿದೆ ಹಾಗಿತ್ತಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ನಿನ್ನೆಯಿಂದ ಅವರು ಒಪ್ಪಿಕೊಂಡ ಮೊದಲ ಮಾತು ಅದು.

ಅಜ್ಜಿ ಸ್ಟೂಲಿನಿಂದ ಎದ್ದರು.

"ನಿಮ್ಮಪ್ಪನ ಕಾಯಿದೆ ಈ ಹಾಲ್‌ಗೆ ಕಣ್ರೋ, ಗಿರಾಕಿಗಳ ಮುಂದೆ. ಮನೆಗೆ ಬಂದ ಮೇಲೆ ಊಟಕ್ಕೆ ಕೂತರೆ ಅವರ ಬಾಯಲ್ಲಿ ಬರೀ ಇದೇ. ಇವತ್ತು ಯಾವುದು ನಿಂತಿತು, ಯಾವ ತಂತಿ ಬಿಟ್ಟಿತ್ತು, ತಾನು ಏನು ಎಡವಟ್ಟು ಮಾಡಿದೆ, ಎಲ್ಲ ಹೇಳೋರು. ನನಗೇನೂ ಅರ್ಥ ಆಗ್ತಿರ್ಲಿಲ್ಲ. ಆದ್ರೂ ಹೇಳ್ಕೊಂಡೇ ಮಲಗೋರು. ನೀವು ಆಗ ನಿದ್ದೆ ಹೋಗಿರ್ತಿದ್ರಿ." ಅವರು ದೋಣಿಯ ಮರದ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಇದನ್ನ ನಾನೇ ನಿಮಗೆ ಹೇಳಬೇಕಿತ್ತು."

ನಾನು ನಮ್ಮ ಸಾಮಾನಿನ ಪೆಟ್ಟಿಗೆಯಲ್ಲಿ ಇಲ್ಲದ ಸಾಮಾನು ಹುಡುಕಿದೆ. ದೊಡ್ಡವನು ಉಪ್ಪುಕಾಗದವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿ ಬಂದು ತಮ್ಮನ ಪಕ್ಕದಲ್ಲಿ ನಿಂತ.

"ಎಷ್ಟು ಸಲ ನಿಂತಿತ್ತೋ?" ಎಂದ.

"ಲೆಕ್ಕ ಇಟ್ಟಿಲ್ಲ ಅಣ್ಣ," ಎಂದ ಚಿಕ್ಕವನು. ಆಮೇಲೆ ಶುರುವಾದ ಅವನ ಮಾತು ಹಾಲ್‌ನ ಪ್ರತಿಯೊಂದು ಯಂತ್ರವನ್ನೂ ಸುತ್ತಿ ಬಂತು. ದೊಡ್ಡವನ ಬಳಿಯೂ ಹೇಳದೆ ಉಳಿದದ್ದು ಸಾಕಷ್ಟಿತ್ತು.

ಬಡಗಿ ಹಲಗೆಗಳ ಗತಿಯೇನೆಂದು ಕೇಳಿದ. ಬೆಂಚು ಮಾಡು ಎಂದರು ಅಜ್ಜಿ. ಇಬ್ಬರು ಕೂರುವಷ್ಟು ಉದ್ದ ಇರಲಿ, ಪಾಳಿ ಬದಲಾಗುವಾಗ ಕೂತು ಮಾತಾಡಿಕೊಳ್ಳಲಿ, ತಮ್ಮ ಕೌಂಟರಿನ ಹಿಂದೆಯೇ ಹಾಕು, ತಾವು ಕೇಳಿಸಿಕೊಳ್ಳಬೇಕು ಎಂದರು.

ನನ್ನ ಹೆಂಡತಿ ಸತ್ತ ಚಿಪ್ಪು ಕಿತ್ತು ಇನ್ನೊಂದನ್ನು ಬೆಸೆದಳು. ಕನೆಕ್ಟರು ಬದಲಾಯಿಸಿ, ಐದು ವೋಲ್ಟಿನ ತಂತಿಯನ್ನು ನೇರವಾಗಿ ಬೋರ್ಡಿಗೇ ಬೆಸೆದಳು. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸುವಾಗ ಮೀಟರಿನ ಒಂದು ಕಡ್ಡಿ ದೊಡ್ಡವನ ಕೈಯಲ್ಲಿ, ಇನ್ನೊಂದು ಚಿಕ್ಕವನ ಕೈಯಲ್ಲಿ ಕೊಟ್ಟಳು. ಮುಳ್ಳು ಐದರ ಮೇಲೆ ಬಂದು ನಿಂತಾಗ ಇಬ್ಬರೂ ಸಾಕು ಎಂದರು. ಪರದೆ ಮಿನುಗಿತು, ನೀಲಿ ನದಿ ಹರಿಯಿತು, ಹಳೆಯ ಟುಂಯ್ ಟುಂಯ್ ಹಾಡು ಕೇಳಿಸಿತು.

ಮುದ್ರೆ ಯಾರು ಹಾಕುವುದು? ನನ್ನ ಹೆಂಡತಿ ಇಟ್ಟಿಗೆ ಕೆಂಪಿನ ಬಾಟಲಿಯನ್ನು ಅಜ್ಜಿಯ ಕೈಗೆ ಕೊಟ್ಟಳು. ತಳದ ಆ ಕಡುಗೆಂಪು ತಮ್ಮದೇ ಬಾಟಲಿಯದು, ಹೊಸ ಸೊಸೆಯಾಗಿ ಬಂದಾಗ ಆಸೆಪಟ್ಟು ತರಿಸಿಕೊಂಡದ್ದನ್ನು ಯಜಮಾನರು ಯಂತ್ರಗಳಿಗೇ ಬಳಿದು ಮುಗಿಸಿದರು, ಆಮೇಲೆ ಇನ್ನೊಂದು ತರಿಸಿಕೊಳ್ಳಲಿಲ್ಲ ಎಂದು ಹೇಳುತ್ತಲೇ ಅಜ್ಜಿ ಚುಕ್ಕೆ ಇಟ್ಟರು. ಕುಂಚ ಜಾರಿ ಅರ್ಧ ಬಣ್ಣ ಅವರ ಹೆಬ್ಬೆರಳ ಉಗುರಿಗೆ ಬಿತ್ತು. ಒರೆಸಿಕೊಳ್ಳಲು ಸೆರಗು ಎತ್ತಿದವರ ಕೈಯನ್ನು ಸೊಸೆ ತಡೆದು ಹಿಡಿದಳು.

ಸ್ವಲ್ಪ ಹೊತ್ತಿಗೆಲ್ಲ ಫಲಕ ತಿರುಗಿಸಿ ಬಾಗಿಲು ತೆರೆದರು. ವ್ಯಾಪಾರಿ ಒಂದು ಆಟ ಆಡಿಯೇ ಹೋಗುತ್ತೇನೆ ಎಂದು ನಿಂತ. ಅವನ ಹಿಂದೆ ನನ್ನ ಸರದಿ. ಕೌಂಟರು ಇದ್ದ ಜಾಗದಲ್ಲೇ ಇತ್ತು, ಅಜ್ಜಿ ಅದರ ನಡುವಿನಲ್ಲೇ ಕೂತಿದ್ದರು. ನನ್ನ ಅಂಗೈಗೆ ಟೋಕನ್ ಹಾಕಿದ ಕೈಯ ಐದೂ ಉಗುರು ಇಟ್ಟಿಗೆ ಕೆಂಪಾಗಿದ್ದವು. ಬಣ್ಣ ಇನ್ನೂ ಹಸಿ ಇದ್ದುದರಿಂದ ಬೆರಳು ಅಗಲಿಸಿಕೊಂಡೇ ಕೊಟ್ಟರು.